ಹಳೆಯ ಆರ್‌ಪಿಜಿ ಆಟಗಳಲ್ಲಿ ಸಂಗೀತ ಮಾಡುವ ಕೆಲಸವೇನು?

ಪ್ರಶ್ನೆ: ನಾನೂ ನನ್ನ ಗೆಳತಿಯೂ ಸೇರಿ ಹಳೆಯ ಶೈಲಿಯ ಚಿಕ್ಕ ಆರ್‌ಪಿಜಿ (ಪಾತ್ರವಹಿಸಿ ಆಡುವ) ಆಟವೊಂದನ್ನು ಮಾಡುತ್ತಿದ್ದೇವೆ. ಮುಗಿಸಲು ಸುಮಾರು ಮೂರು ಗಂಟೆ ಬೇಕು. ಒಂದೊಂದು ಜಾಗಕ್ಕೂ ಬೇರೆ ಸಂಗೀತ ಕೊಟ್ಟಿದ್ದೇವೆ; ಒಟ್ಟು 26 ಟ್ರ್ಯಾಕ್, ಎಲ್ಲವೂ ದೊಡ್ಡ ವಾದ್ಯವೃಂದದ ಧಾಟಿಯವು. ಬಿಡಿಯಾಗಿ ಕೇಳಿದರೆ ಚೆನ್ನಾಗಿವೆ. ಆದರೆ ಆಡಿ ನೋಡಿದವರಲ್ಲಿ ಹೆಚ್ಚಿನವರು ಅರ್ಧ ಗಂಟೆಯೊಳಗೆ ಸಂಗೀತ ಆಫ್ ಮಾಡುತ್ತಾರೆ, ಆಟ ಮುಗಿದ ಮೇಲೆ ಒಂದು ಟ್ಯೂನೂ ಯಾರಿಗೂ ನೆನಪಿರುವುದಿಲ್ಲ. ಮೂರು ನಾಲ್ಕು ಬೀಪ್ ದನಿಗಳಲ್ಲೇ ಹಳೆಯ ಆಟಗಳು ಇದನ್ನು ಹೇಗೆ ಸಾಧಿಸಿದವು? ನಾವು ಎಲ್ಲಿ ಎಡವಿದ್ದೇವೆ?

ಉತ್ತರ: ಮೂರು ಗಂಟೆಯ ಆಟಕ್ಕೆ 26 ಟ್ರ್ಯಾಕ್ ತುಂಬಾ ಹೆಚ್ಚಾಯಿತು. ಲೆಕ್ಕ ಹಾಕಿ ನೋಡಿ, ಒಂದೊಂದಕ್ಕೆ ಸರಾಸರಿ ಏಳು ನಿಮಿಷವೂ ಸಿಗುವುದಿಲ್ಲ. ಅದರಲ್ಲೂ ಕಾಳಗದ ಟ್ಯೂನ್ ದೊಡ್ಡ ಪಾಲು ನುಂಗುತ್ತದೆ, ಊರಿನ ಟ್ಯೂನ್ ಇನ್ನೊಂದಿಷ್ಟು. ಉಳಿದವು ಕಿವಿಗೆ ಪರಿಚಯವಾಗುವ ಮೊದಲೇ ಮುಗಿದುಹೋಗುತ್ತವೆ. ಪರಿಚಯವೇ ಆಗದ ಟ್ಯೂನನ್ನು ಯಾರೂ ಗುನುಗುವುದಿಲ್ಲ.

1986ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಆಟದ ಯಂತ್ರಕ್ಕೆ ಬಂದ ಮೊದಲ ಡ್ರ್ಯಾಗನ್ ಕ್ವೆಸ್ಟ್ ಆಟಕ್ಕೆ ಕೊಯಿಚಿ ಸುಗಿಯಾಮ ಬರೆದ ಮುಖ್ಯ ಟ್ಯೂನ್‌ಗಳು ಎಂಟೇ: ಶೀರ್ಷಿಕೆ, ಅರಮನೆ, ಊರು, ಬಯಲು, ಗುಹೆ, ಕಾಳಗ, ಕೊನೆಯ ಕಾಳಗ, ಮುಕ್ತಾಯ. ಇವುಗಳ ಜೊತೆಗೆ ಛತ್ರದಲ್ಲಿ ಮಲಗಿದಾಗ, ಲೆವೆಲ್ ಏರಿದಾಗ ಬರುವ ಪುಟ್ಟ ತುಣುಕುಗಳು. ಚಿತ್ರ, ಮಾತು, ಸಂಗೀತ, ಪ್ರೋಗ್ರಾಂ ಎಲ್ಲ ಸೇರಿ ಇಡೀ ಕಾರ್ಟ್ರಿಜ್ 64 ಕೆಬಿ. ಊರು ಯಾವುದಾದರೂ ಟ್ಯೂನ್ ಒಂದೇ, ಗುಹೆ ಯಾವುದಾದರೂ ಟ್ಯೂನ್ ಒಂದೇ. ಜಾಗವಿಲ್ಲದ್ದಕ್ಕೆ ಮಾಡಿಕೊಂಡ ಈ ಏರ್ಪಾಡಿನಿಂದ ದೊಡ್ಡ ಲಾಭವಾಯಿತು. ಎರಡನೆಯ ಊರಿಗೆ ಕಾಲಿಟ್ಟ ಕೂಡಲೇ ಆಡುವವನಿಗೆ ಗೊತ್ತಾಗುತ್ತದೆ: ಇಲ್ಲಿ ಶತ್ರುಗಳಿಲ್ಲ, ಅಂಗಡಿಯಿದೆ, ಮಲಗಲು ಜಾಗವಿದೆ. ಇದನ್ನೆಲ್ಲ ಪರದೆಯ ಮೇಲೆ ಎಲ್ಲೂ ಬರೆದಿಲ್ಲ. ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರದ ಬೊಂಬೆಯ ಮುಖದಲ್ಲಿ ಭಾವನೆ ತೋರಿಸುವುದೂ ಕಷ್ಟ. ಆ ಹೊಣೆಯೆಲ್ಲ ಸಂಗೀತದ ಮೇಲೆ ಬಿತ್ತು.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು. ಈ ಆಟಗಳಲ್ಲಿ ಸಂಗೀತದ ನಿಜವಾದ ಕೆಲಸ ನಡೆಯುವುದು ಅದು ಬದಲಾಗುವ ಹೊತ್ತಿನಲ್ಲಿ. ಬದಲಾದದ್ದು ಕಿವಿಗೆ ಬೀಳಬೇಕಾದರೆ, ಅದಕ್ಕೆ ಮೊದಲು ಏನೋ ಒಂದು ಬಹಳ ಹೊತ್ತು ಬದಲಾಗದೆ ನಿಂತಿರಬೇಕು. ನಿಮ್ಮ ಆಟದಲ್ಲಿ ಪ್ರತಿ ಬಾಗಿಲು ದಾಟಿದಾಗಲೂ ಸಂಗೀತ ಬದಲಾಗುತ್ತದೆ, ಹಾಗಾಗಿ ಯಾವ ಬದಲಾವಣೆಗೂ ಅರ್ಥ ಉಳಿದಿಲ್ಲ.

ಡ್ರ್ಯಾಗನ್ ಕ್ವೆಸ್ಟ್‌ನ ಗುಹೆಯನ್ನೇ ನೋಡಿ. ನಾಯಕ ಒಂದೊಂದು ಅಂತಸ್ತು ಕೆಳಗಿಳಿದಂತೆ ಅದೇ ಟ್ಯೂನ್ ಶ್ರುತಿ ತಗ್ಗಿಸಿಕೊಂಡು, ನಡೆ ನಿಧಾನಿಸಿಕೊಂಡು ನುಡಿಯುತ್ತದೆ. ಹೊಸ ಡೇಟಾ ಹೆಚ್ಚುಕಡಿಮೆ ಏನೂ ಬೇಕಿಲ್ಲ. ಸ್ವರಗಳ ಎತ್ತರ ಮತ್ತು ವೇಗದ ಅಂಕಿ ಬದಲಿಸಿದರೆ ಸಾಕು. ಆಳಕ್ಕೆ ಬಂದುಬಿಟ್ಟೆ, ಮದ್ದು ಎಷ್ಟು ಉಳಿದಿದೆ, ವಾಪಸ್ ಹೋಗಲಾ ಎಂಬ ಯೋಚನೆ ಆಡುವವನಲ್ಲಿ ತಾನಾಗಿ ಹುಟ್ಟುತ್ತದೆ. ನಿಮ್ಮ ಆಟದಲ್ಲಿ ಇವತ್ತೇ ಮಾಡಿ ನೋಡಬಹುದಾದದ್ದು ಇದು. ಗುಹೆಗೆ ಒಂದೇ ಟ್ಯೂನ್ ಇಡಿ. ಕೆಳಗಿನ ಅಂತಸ್ತಿಗೆ ಎರಡು ಅರೆಸ್ವರ ಇಳಿಸಿ, ವೇಗ ಶೇ. 8ರಿಂದ 10ರಷ್ಟು ತಗ್ಗಿಸಿ. ರೆಕಾರ್ಡಿಂಗನ್ನು ಸುಮ್ಮನೆ ನಿಧಾನ ಓಡಿಸಿದರೆ ಎರಡೂ ಒಟ್ಟಿಗೇ ಆಗುತ್ತವೆ, ಆದರೆ ಡ್ರಮ್ಮಿನ ಸದ್ದು ಕೆಸರಿನಲ್ಲಿ ಹೂತಂತೆ ಕೇಳುತ್ತದೆ. ಸ್ವರಗಳನ್ನು ಬರೆದಿಟ್ಟ ಮೂಲ ಮಿಡಿ ಫೈಲಿನಿಂದ ಮತ್ತೆ ರೆಂಡರ್ ಮಾಡುವುದೇ (ಧ್ವನಿಯಾಗಿ ಹೊರತೆಗೆಯುವುದೇ) ಒಳ್ಳೆಯದು.

1987ರ ಎರಡನೆಯ ಭಾಗದಲ್ಲಿ ರಾಜಕುಮಾರ ಒಬ್ಬನೇ ಹೊರಡುತ್ತಾನೆ. ಬಯಲಿನ ಟ್ಯೂನ್ ಒಂಟಿತನದ್ದು. ಜೊತೆಗಾರರಿಬ್ಬರೂ ಸಿಕ್ಕಿ ಮೂವರಾದ ಮೇಲೆ ಅದೇ ಬಯಲಿಗೆ ಲವಲವಿಕೆಯ ಹೊಸ ಟ್ಯೂನ್ ಬರುತ್ತದೆ. ನೆಲ ಅದೇ, ಮರ ಅದೇ, ಶತ್ರುಗಳೂ ಹೆಚ್ಚುಕಡಿಮೆ ಅವೇ. 1988ರ ಮೂರನೆಯ ಭಾಗದ್ದು ಇನ್ನೂ ದೊಡ್ಡ ಏಟು. ಬಹಳ ಹೊತ್ತು ಆಡಿದ ಮೇಲೆ ಕೆಳಗಿನ ಲೋಕಕ್ಕೆ ಇಳಿದರೆ, ಬಯಲಿನಲ್ಲಿ ಮೊದಲನೆಯ ಭಾಗದ ಟ್ಯೂನ್ ಶುರುವಾಗುತ್ತದೆ. ತಾನು ನಿಂತಿರುವುದು ಎಲ್ಲಿ, ಈ ಕಥೆ ಯಾವುದಕ್ಕೆ ಮುಂಚಿನದು ಎಂದು ಮೊದಲನೆಯದನ್ನು ಆಡಿದ್ದವರಿಗೆ ಹೊಳೆಯುತ್ತದೆ. ಕಥೆಯ ಅತಿ ದೊಡ್ಡ ಗುಟ್ಟನ್ನು ಬಿಟ್ಟುಕೊಡಲು ಒಂದು ಹಳೆಯ ಟ್ಯೂನೇ ಸಾಕಾಯಿತು.

ಫೈನಲ್ ಫ್ಯಾಂಟಸಿ 7 (1997) ಇನ್ನೂ ಆಡದವರು ಈ ಪ್ಯಾರಾ ಬಿಟ್ಟು ಮುಂದೆ ಓದಿ. ಬಾಸ್ (ದೊಡ್ಡ ಶತ್ರು) ಎದುರಾದರೆ ಬಾಸ್ ಸಂಗೀತ ಬರುತ್ತದೆ ಎಂಬ ನಿಯಮವನ್ನು ಆ ಆಟ ಹತ್ತಾರು ಗಂಟೆ ಕಲಿಸುತ್ತದೆ. ನಾಯಕನ ಜೊತೆಗಾರ್ತಿ ಏರಿತ್ ಸತ್ತ ಮರುಕ್ಷಣವೇ ಒಂದು ಬಾಸ್ ಕಾಳಗವಿದೆ. ಅಲ್ಲಿ ಕಾಳಗದ ಸಂಗೀತ ಬರುವುದೇ ಇಲ್ಲ. ಅವಳ ಟ್ಯೂನ್ ಹಾಗೆಯೇ ಮುಂದುವರಿಯುತ್ತದೆ. ಕತ್ತಿ ಬೀಸುವ ಸದ್ದಿನ ಹಿಂದೆ ಆ ಮೆಲುವಾದ ಟ್ಯೂನ್ ಕೇಳುತ್ತಾ ಬಟನ್ ಒತ್ತುತ್ತಿರಬೇಕು. ಆಟದ ಸಂಗೀತಗಾರ ನೊಬುವೊ ಉಎಮಾತ್ಸು ಅದಕ್ಕಾಗಿ ಹೊಸದೇನನ್ನೂ ಬರೆಯಬೇಕಾಗಲಿಲ್ಲ, ನಿಯಮವನ್ನು ಒಮ್ಮೆ ಮುರಿದದ್ದಷ್ಟೇ. ಪ್ರತಿ ಬಾಸ್‌ಗೂ ಬೇರೆ ಟ್ಯೂನ್ ಕೊಟ್ಟಿದ್ದರೆ ಮುರಿಯಲು ನಿಯಮವೇ ಇರುತ್ತಿರಲಿಲ್ಲ.

ಇನ್ನು ಆ ಬೀಪ್ ದನಿಗಳ ಮಾತು. ಫ್ಯಾಮಿಕಾಮ್‌ನ ರಿಕೋ 2ಎ03 ಚಿಪ್ಪಿನಲ್ಲಿ ಎರಡು ಪಲ್ಸ್ ಚಾನೆಲ್ (ಒಂದು ಹೊತ್ತಿಗೆ ಒಂದು ದನಿ ನುಡಿಸುವ ಭಾಗ), ಒಂದು ಟ್ರಯಾಂಗಲ್, ಒಂದು ನಾಯ್ಸ್, ಜೊತೆಗೆ ಒರಟು ಸ್ಯಾಂಪಲ್‌ಗಾಗಿ (ರೆಕಾರ್ಡ್ ಮಾಡಿದ ಸದ್ದಿನ ಚೂರಿಗಾಗಿ) ಒಂದು ಚಾನೆಲ್ ಇವೆ. ಪಲ್ಸ್ ಅಲೆಯ ಅಗಲವನ್ನು ಶೇ. 12.5, 25, 50, 75 ಎಂದು ನಾಲ್ಕು ಬಗೆಯಲ್ಲಿ ಇಡಬಹುದು. 25 ಮತ್ತು 75 ಕಿವಿಗೆ ಒಂದೇ, ಹಾಗಾಗಿ ನಿಜಕ್ಕೆ ಮೂರೇ ಬಣ್ಣ. ಟ್ರಯಾಂಗಲ್‌ಗೆ ಸದ್ದಿನ ಮಟ್ಟ ಬದಲಿಸುವ ಅವಕಾಶವೇ ಇಲ್ಲ, ನುಡಿಸಬೇಕು ಇಲ್ಲವೇ ನಿಲ್ಲಿಸಬೇಕು. ಅದಕ್ಕೇ ಅದನ್ನು ಬಹುಪಾಲು ಬೇಸ್‌ಗೆ, ಅಂದರೆ ತಳದ ದನಿಗೆ, ಬಿಟ್ಟರು. ಇದರ ಮೇಲೆ ಇನ್ನೊಂದು ತಾಪತ್ರಯ: ಕತ್ತಿಯ ಏಟಿಗೋ ಬಾಗಿಲಿನ ಸದ್ದಿಗೋ ಚಾನೆಲ್ ಬೇಕಾದಾಗ ಸಂಗೀತದ ಒಂದು ದನಿಯನ್ನು ಅಷ್ಟು ಹೊತ್ತು ಕಿತ್ತುಕೊಳ್ಳಲಾಗುತ್ತದೆ. ಎರಡನೆಯ ದನಿ ಮಧ್ಯೆ ಮಧ್ಯೆ ಮಾಯವಾದರೂ ಟ್ಯೂನ್ ಕುಸಿಯದೆ ನಿಲ್ಲಬೇಕು. ಹಾಗೆ ನಿಲ್ಲಲಾರದ ಟ್ಯೂನ್ ಅಲ್ಲಿ ಬಾಳುತ್ತಿರಲಿಲ್ಲ.

ಈ ಇಕ್ಕಟ್ಟಿನಲ್ಲಿ ಬೆಳೆದ ಕೆಲವು ಉಪಾಯಗಳು ನಿಮಗೂ ಉಪಯೋಗಕ್ಕೆ ಬರುತ್ತವೆ. ಪ್ರತಿಧ್ವನಿ ಬೇಕೆಂದರೆ ಎರಡನೆಯ ಪಲ್ಸ್‌ನಲ್ಲಿ ಅದೇ ಟ್ಯೂನನ್ನು ಸ್ವಲ್ಪ ತಡವಾಗಿ, ಸದ್ದು ತಗ್ಗಿಸಿ ನುಡಿಸುವುದು. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬೇಕೆಂದರೆ ಅದರ ಮೂರು ಸ್ವರಗಳನ್ನು ಒಂದೇ ಚಾನೆಲ್‌ನಲ್ಲಿ ಸೆಕೆಂಡಿಗೆ 60ರಷ್ಟು ಸಲ ಸರದಿಯಲ್ಲಿ ತಿರುಗಿಸುವುದು. ಕಿವಿ ಅವನ್ನು ಒಟ್ಟುಗೂಡಿಸಿಕೊಳ್ಳುತ್ತದೆ. ಅದನ್ನೇ ನಿಧಾನವಾಗಿ ಬಿಡಿಸಿ ಹೇಳಿದರೆ ಫೈನಲ್ ಫ್ಯಾಂಟಸಿಯ ಪ್ರಾರಂಭದ ಪ್ರೆಲ್ಯೂಡ್: ಸ ರಿ ಗ ಪ, ಮತ್ತೆ ಮೇಲಿನ ಸ್ಥಾಯಿಯಲ್ಲಿ ಸ ರಿ ಗ ಪ, ಹೀಗೆ ನಾಲ್ಕು ಸ್ಥಾಯಿ ಹತ್ತಿ ಇಳಿಯುವುದು, ಆಮೇಲೆ ಅದೇ ರೀತಿ ದ ನಿ ಸ ಗ. 1987ರ ಆಟದಲ್ಲಿ ಇದಕ್ಕೆ ಬೇರೆ ಟ್ಯೂನಿನ ಹಂಗೇ ಇಲ್ಲ. ಸುಗಿಯಾಮ ಅರಮನೆಗೆ ಹಿಡಿದ ದಾರಿ ಬೇರೆ. ಬರೋಕ್ ಧಾಟಿಯಲ್ಲಿ ಎರಡು ದನಿಗಳು ಒಂದಕ್ಕೊಂದು ಉತ್ತರ ಕೊಡುತ್ತಾ ಸಾಗುತ್ತವೆ, ಮೂರನೆಯದರ ಕೊರತೆ ಕಾಣುವುದೇ ಇಲ್ಲ.

ಫೈನಲ್ ಫ್ಯಾಂಟಸಿಯ ಗೆಲುವಿನ ತುಣುಕನ್ನು ಬಿಚ್ಚಿ ನೋಡುವುದು ಒಳ್ಳೆಯ ಪಾಠ. ಸ್ವರಗಳು ಇಷ್ಟೇ: ಸ ಸ ಸ ಸ, ದ, ನಿ, ಸ ನಿ ಸ. ಮೊದಲ ಮೂರು ಷಡ್ಜಗಳು ಚಕಚಕನೆ, ನಾಲ್ಕನೆಯದು ನೀಳ. ಆಮೇಲಿನ ದ ಮತ್ತು ನಿ ಎರಡೂ ನೀಳ, ಕೊನೆಯ ಸ ನಿ ಚುರುಕು, ಮತ್ತೆ ಷಡ್ಜದ ಮೇಲೆ ನಿಲುಗಡೆ. ಗಮನಿಸಬೇಕಾದದ್ದು ಆ ದ ಮತ್ತು ನಿ. ಮೇಜರ್ ಸ್ಕೇಲಿನಲ್ಲಿ, ಅಂದರೆ ಶಂಕರಾಭರಣದ ಸ್ವರಗಳಲ್ಲಿ, ಬರಬೇಕಾದವು ಚತುಃಶ್ರುತಿ ಧೈವತ ಮತ್ತು ಕಾಕಲಿ ನಿಷಾದ. ಇಲ್ಲಿ ಬಂದಿರುವುದು ಶುದ್ಧ ಧೈವತ, ಕೈಶಿಕಿ ನಿಷಾದ. ಎರಡೂ ಅರ್ಧ ಮೆಟ್ಟಿಲು ಕೆಳಗಿನವು, ಸ್ಕೇಲಿನ ಹೊರಗಿನವು. ಹೊರಗೆ ಕಾಲಿಟ್ಟು ಎರಡು ಹೆಜ್ಜೆಯಲ್ಲಿ ಷಡ್ಜಕ್ಕೆ ಮರಳುವುದರಿಂದ ಆ ಮರಳುವಿಕೆಗೆ ಅಷ್ಟು ಬಲ ಬಂದಿದೆ. ಆ ಒಂದು ತಿರುವಿನಿಂದ ಮೂರ್ನಾಲ್ಕು ಸೆಕೆಂಡಿನ ತುಣುಕು ನೂರಾರು ಸಲ ಕೇಳಿದರೂ ಸಪ್ಪೆಯಾಗದೆ ಉಳಿದಿದೆ. ಇದು ಮುಗಿದ ಕೂಡಲೇ ಹಗುರವಾದ ಲೂಪ್ (ಸುತ್ತಿ ಸುತ್ತಿ ಬರುವ ಟ್ಯೂನ್) ಒಂದು ಶುರುವಾಗುತ್ತದೆ, ಸಿಕ್ಕ ಅಂಕ, ಹಣ, ವಸ್ತುಗಳನ್ನು ನಿಧಾನವಾಗಿ ಓದಿಕೊಳ್ಳಲು.

ನಿಮ್ಮ ಟ್ರ್ಯಾಕ್‌ಗಳಿಗೆ ಈಗ ಒಂದು ಪರೀಕ್ಷೆ ಮಾಡಿ. ಮುಖ್ಯ ಟ್ಯೂನ್ ಮತ್ತು ಬೇಸ್ ಎರಡನ್ನೇ ಉಳಿಸಿ, ಮಿಕ್ಕ ವಾದ್ಯಗಳನ್ನೆಲ್ಲ ಮ್ಯೂಟ್ ಮಾಡಿ. ಆ ಎರಡನ್ನೂ ಬರೀ ಚೌಕ ಅಲೆಯಲ್ಲಿ ನುಡಿಸಿ. ಆಗ ಟ್ಯೂನ್ ಎಲ್ಲಿದೆ ಎಂದು ಹುಡುಕಬೇಕಾಗಿ ಬಂದರೆ, ನಲವತ್ತು ಪಿಟೀಲು ಸೇರಿಸಿದರೂ ಅದು ನಿಲ್ಲುವುದಿಲ್ಲ. ನೀವು ವಿವರಿಸಿದ ರೀತಿ ನೋಡಿದರೆ 26ರಲ್ಲಿ ಬಹಳಷ್ಟು ಇಲ್ಲೇ ಬೀಳುತ್ತವೆ ಅನ್ನಿಸುತ್ತದೆ. ದೊಡ್ಡ ವಾದ್ಯವೃಂದದ ಟ್ರ್ಯಾಕ್ ಮೊದಲ ಸಲ ಕೇಳಿದಾಗ ಬೆರಗು ಹುಟ್ಟಿಸುತ್ತದೆ, ಆದರೆ ಎಲ್ಲ ಎತ್ತರದ ಸ್ವರಗಳಲ್ಲೂ ಸದಾ ಏನಾದರೂ ಮೊರೆಯುತ್ತಲೇ ಇದ್ದರೆ ಕಿವಿ ದಣಿಯುತ್ತದೆ. ಅರ್ಧ ಗಂಟೆಯಲ್ಲಿ ಮ್ಯೂಟ್ ಬಟನ್ ಒತ್ತಲು ಈ ದಣಿವೇ ಕಾರಣವಿರಬಹುದು.

ಸೂಪರ್ ಫ್ಯಾಮಿಕಾಮ್ ಕಾಲಕ್ಕೆ ವಾದ್ಯಗಳ ಬಣ್ಣ ಬಂತು, ಇಕ್ಕಟ್ಟು ಹೋಗಲಿಲ್ಲ. ಸೋನಿಯಲ್ಲಿ ಕೆನ್ ಕುತರಾಗಿ ವಿನ್ಯಾಸ ಮಾಡಿದ ಅದರ ಧ್ವನಿ ವಿಭಾಗಕ್ಕೆ ಎಂಟು ದನಿ, 64 ಕೆಬಿ ಮೆಮೊರಿ, ಅಂದರೆ ಮೊದಲ ಡ್ರ್ಯಾಗನ್ ಕ್ವೆಸ್ಟ್‌ನ ಇಡೀ ಕಾರ್ಟ್ರಿಜ್‌ನಷ್ಟು. ಸ್ಯಾಂಪಲ್‌ಗಳನ್ನು 16 ಬಿಂದುಗಳಿಗೆ 9 ಬೈಟ್ ಲೆಕ್ಕದಲ್ಲಿ ಕುಗ್ಗಿಸಿ ಇಡಲಾಗುತ್ತದೆ. 32 ಕಿಲೋಹರ್ಟ್ಸ್‌ನಲ್ಲಿ ಒಂದು ಸೆಕೆಂಡಿನ ಧ್ವನಿಗೆ 18,000 ಬೈಟ್. ಮೆಮೊರಿಯೆಲ್ಲ ಅದಕ್ಕೇ ಕೊಟ್ಟರೂ ಮೂರೂವರೆ ಸೆಕೆಂಡಿಗಿಂತ ತುಸು ಹೆಚ್ಚು ಅಷ್ಟೇ ಹಿಡಿಯುತ್ತದೆ. ಎಲ್ಲ ವಾದ್ಯಗಳು, ಸದ್ದುಗಳು, ಸ್ವರಗಳ ಡೇಟಾ, ನುಡಿಸುವ ಪ್ರೋಗ್ರಾಂ ಅದರೊಳಗೇ ಇರಬೇಕು. ಪ್ರತಿಧ್ವನಿಗೂ ಅಲ್ಲಿಂದಲೇ ಕಡಿತ: 16 ಮಿಲಿಸೆಕೆಂಡಿಗೆ 2 ಕೆಬಿ. ಪೂರ್ತಿ 240 ಮಿಲಿಸೆಕೆಂಡ್ ಪ್ರತಿಧ್ವನಿ ಬೇಕೆಂದರೆ 30 ಕೆಬಿ ಹೋಯಿತು, ಹತ್ತಿರ ಹತ್ತಿರ ಅರ್ಧ! ಆದ್ದರಿಂದ ಪಿಟೀಲು ಎಂದರೆ ಕಮಾನು ತಾಗಿದ ಕ್ಷಣದ ಚೂರು ಮತ್ತು ಅದರ ಹಿಂದೆ ಸುತ್ತುತ್ತಲೇ ಇರುವ ಒಂದು ಪುಟ್ಟ ಅಲೆ. ಫೈನಲ್ ಫ್ಯಾಂಟಸಿ 6ರ (1994) ಒಪೆರಾ ದೃಶ್ಯದ ಹಾಡುವ ದನಿಯೂ ಇದೇ ಮಿತಿಯೊಳಗೆ ಕಟ್ಟಿದ್ದು. ಎಷ್ಟು ಪ್ರತಿಧ್ವನಿ, ಎಷ್ಟು ವಾದ್ಯ ಎಂಬ ಈ ಚೌಕಾಸಿಯನ್ನು ಅಂದಿನ ಸಂಗೀತಗಾರರು ಒಂದೊಂದು ಟ್ಯೂನಿಗೂ ಮಾಡಬೇಕಿತ್ತು.

ಆ ಬಣ್ಣ ನಿಮಗೂ ಬೇಕಿದ್ದರೆ ಸ್ಯಾಂಪಲ್‌ಗಳನ್ನು 16 ಕಿಲೋಹರ್ಟ್ಸ್ ಅಥವಾ ಇನ್ನೂ ಕೆಳಗೆ ಇಳಿಸಿ, ಒಟ್ಟು ದನಿಗಳನ್ನು ಎಂಟಕ್ಕೆ ನಿಲ್ಲಿಸಿ, ಮೇಲಿನ ಚೂಪನ್ನು ತುಸು ಬೋಳಿಸಿ (ಬಿಂದುಗಳ ನಡುವಿನ ಜಾಗವನ್ನು ಆ ಚಿಪ್ಪು ತುಂಬಿಕೊಳ್ಳುವ ರೀತಿ, ಅಂದರೆ ಇಂಟರ್‌ಪೊಲೇಷನ್, ಅದನ್ನು ಮೊದಲೇ ಮೊಂಡು ಮಾಡುತ್ತಿತ್ತು), ದೊಡ್ಡ ಸಭಾಂಗಣದ ರಿವರ್ಬ್ ತೆಗೆದು ಚಿಕ್ಕ ಪ್ರತಿಧ್ವನಿ ಹಾಕಿ. ಫ್ಯಾಮಿಕಾಮ್ ಬಣ್ಣಕ್ಕೆ ಫ್ಯಾಮಿಸ್ಟುಡಿಯೋ, ಬೇರೆ ಬೇರೆ ಚಿಪ್ಪುಗಳಿಗೆ ಫರ್ನೇಸ್ ಎಂಬ ಸಾಫ್ಟ್‌ವೇರ್‌ಗಳು ಉಚಿತವಾಗಿ ಸಿಗುತ್ತವೆ. ಹಳೆಯ ಆಟಗಳಿಂದಲೇ ಕಿತ್ತ ಸ್ಯಾಂಪಲ್‌ಗಳನ್ನು ಮಾತ್ರ ಮಾರುವ ಆಟದಲ್ಲಿ ಬಳಸಬೇಡಿ, ಅವುಗಳ ಹಕ್ಕು ಬೇರೆಯವರದು.

ಪ್ಲೇಸ್ಟೇಷನ್‌ನಲ್ಲಿ 24 ದನಿ, 512 ಕೆಬಿ. ಸಿಡಿಯಿಂದ ನೇರವಾಗಿ ರೆಕಾರ್ಡಿಂಗ್ ನುಡಿಸುವ ದಾರಿಯೂ ತೆರೆದಿತ್ತು. ಆದರೂ ಫೈನಲ್ ಫ್ಯಾಂಟಸಿ 7 ಬಹುಮಟ್ಟಿಗೆ ಯಂತ್ರದ ಚಿಪ್ಪಿನಲ್ಲೇ ಸಂಗೀತ ನುಡಿಸಿತು, ಏಕೆಂದರೆ ಸಿಡಿ ಸಂಗೀತದಲ್ಲಿ ತೊಡಗಿದ್ದರೆ ಅದೇ ಹೊತ್ತಿಗೆ ಹೊಸ ದೃಶ್ಯ ಲೋಡ್ ಮಾಡಲು ಕಾಯಬೇಕಾಗುತ್ತದೆ. ಅದಕ್ಕೆ ಮುಂಚೆ ಪಿಸಿ ಎಂಜಿನ್ ಎಂಬ ಆಟದ ಯಂತ್ರಕ್ಕೆ ಸಿಡಿಯಲ್ಲಿ ಬಂದ ಈಸ್ 1 ಮತ್ತು 2 (1989) ನಿಜವಾದ ರೆಕಾರ್ಡಿಂಗ್ ಕೇಳಿಸಿ ಬೆರಗು ಹುಟ್ಟಿಸಿತ್ತು. ಆದರೆ ಸಿಡಿ ಟ್ರ್ಯಾಕ್ ಮುಗಿದಾಗ ಲೇಸರ್ ಹಿಂದಕ್ಕೆ ಓಡಿ ಮತ್ತೆ ಶುರು ಮಾಡುವಷ್ಟರಲ್ಲಿ ಮೌನ ಬಂದೇ ಬರುತ್ತದೆ. ಕುಂದಿಲ್ಲದೆ ಸುತ್ತುವ ವಿಷಯದಲ್ಲಿ ಹಳೆಯ ಬೀಪ್ ಚಿಪ್ಪುಗಳೇ ಮೇಲು.

ನಿಮ್ಮ ಆಟದ ಲೂಪ್‌ಗಳನ್ನೂ ಪರೀಕ್ಷಿಸಿ, ಏಕೆಂದರೆ ಇವತ್ತಿಗೂ ಅತಿ ಹೆಚ್ಚು ಕಾಣುವ ದೋಷ ಇದೇ. ಎಂಪಿ3 ಫೈಲ್ ಹಾಕಿದ್ದರೆ ತೆಗೆದುಬಿಡಿ. ಅದನ್ನು ಮಾಡುವ ಸಾಫ್ಟ್‌ವೇರ್ ಮೊದಲಿಗೂ ಕೊನೆಗೂ ಒಂದು ಚೂರು ಮೌನ ಸೇರಿಸುತ್ತದೆ, ಪ್ರತಿ ಸುತ್ತಿಗೂ ಒಂದು ಬಿಕ್ಕಳಿಕೆ ಕೇಳುತ್ತದೆ. ಆಗ್ ವೋರ್ಬಿಸ್ ಅಥವಾ ವೇವ್ ಬಳಸಿ. ಎರಡನೆಯ ದೋಷ ಕೊನೆಯ ಸ್ವರದ ಬಾಲ ಕತ್ತರಿಸಿಹೋಗುವುದು: ಫೈಲ್ ಮುಗಿಯುವಲ್ಲಿ ಇನ್ನೂ ಅನುರಣಿಸುತ್ತಿರುವ ಪಿಟೀಲು, ಲೂಪ್ ತಿರುಗಿದ ಕೂಡಲೇ ಸತ್ತುಹೋಗುತ್ತದೆ. ಪರಿಹಾರ ಹೀಗೆ. ನಿಮಿಷಕ್ಕೆ 120 ಬೀಟ್, ಬಾರಿಗೆ 4 ಬೀಟ್ ಎಂದಿಟ್ಟುಕೊಳ್ಳಿ. ಒಂದು ಬಾರ್ 2 ಸೆಕೆಂಡ್. ಪೀಠಿಕೆ 4 ಬಾರ್, ಅಂದರೆ 8 ಸೆಕೆಂಡ್. ಸುತ್ತಬೇಕಾದ ಭಾಗ 32 ಬಾರ್, ಅಂದರೆ 64 ಸೆಕೆಂಡ್. ರೆಂಡರ್ ಮಾಡುವಾಗ 32 ಬಾರ್ ಮುಗಿದ ಮೇಲೆ ಅದರ ಮೊದಲ 2 ಬಾರ್‌ಗಳನ್ನು ಮತ್ತೊಮ್ಮೆ ನುಡಿಸಿ, 76ನೆಯ ಸೆಕೆಂಡಿನಲ್ಲಿ ಕತ್ತರಿಸಿ. ಲೂಪ್ ಶುರುವಾಗುವ ಬಿಂದುವನ್ನು 12ನೆಯ ಸೆಕೆಂಡಿಗೆ ಇಡಿ. ಹಳೆಯ ಬಾಲ ಆ ಹೆಚ್ಚುವರಿ 2 ಬಾರ್‌ಗಳೊಳಗೆ ತಾನಾಗಿ ಅಡಗಿರುತ್ತದೆ, ಹೊಲಿಗೆ ಎಲ್ಲಿದೆ ಎಂದು ಬರೆದವರಿಗೂ ಗೊತ್ತಾಗುವುದಿಲ್ಲ. ಆಟ ಕಟ್ಟುವ ಸಾಫ್ಟ್‌ವೇರ್ ಆರ್‌ಪಿಜಿ ಮೇಕರ್‌ನಲ್ಲಾದರೆ ಆಗ್ ಫೈಲಿನ ಲೂಪ್‌ಸ್ಟಾರ್ಟ್ ಟ್ಯಾಗ್‌ಗೆ 529200, ಲೂಪ್‌ಲೆಂತ್ ಟ್ಯಾಗ್‌ಗೆ 2822400 ಎಂದು ಕೊಡಿ, ನಡುವೆ ಅಲ್ಪವಿರಾಮ ಬೇಡ. ಇವು 44,100 ಹರ್ಟ್ಸ್‌ಗೆ ಹೊಂದುವ ಅಂಕಿಗಳು. ಫೈಲ್ 48,000ದ್ದಾಗಿದ್ದರೆ ಬೇರೆ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ತಪ್ಪು ಜಾಗದಲ್ಲಿ ಜಿಗಿಯುತ್ತದೆ.

ಬರವಣಿಗೆಯಲ್ಲೂ ಹೊಲಿಗೆ ಮರೆಸಬೇಕು. ಕೊನೆಯ ಬಾರ್ ಷಡ್ಜದ ಮೇಲೆ ಪೂರ್ತಿ ನಿಂತುಬಿಟ್ಟರೆ ಹಾಡು ಮುಗಿಯಿತು ಅನ್ನಿಸುತ್ತದೆ, ಮತ್ತೆ ಶುರುವಾದಾಗ ಹೇಳಿದ್ದನ್ನೇ ಹೇಳಿದಂತಾಗುತ್ತದೆ. ಕೊನೆಯ ಬಾರನ್ನು ಪಂಚಮದ ಕಾರ್ಡಿನ ಮೇಲೆ ತೂಗಾಡಿಸಿ ಬಿಡಿ. ಅದರ ಉತ್ತರ ಲೂಪಿನ ಮೊದಲ ಬಾರಿನಲ್ಲಿರಲಿ. ಊರಿಗೂ ಬಯಲಿಗೂ 60ರಿಂದ 100 ಸೆಕೆಂಡಿನ ಸುತ್ತು ಸಾಕು. ಇಪ್ಪತ್ತು ಸೆಕೆಂಡಿಗೆ ಸುತ್ತಿದರೆ ರೇಗುತ್ತದೆ. ನಾಲ್ಕು ನಿಮಿಷದ್ದು ಮಾಡಿದರೆ ಕೊನೆಯ ಮೂರು ನಿಮಿಷ ಹೆಚ್ಚಿನವರು ಕೇಳುವುದೇ ಇಲ್ಲ.

ಕೇಳದಿರಲು ಕಾರಣ ಕಾಳಗ. ಗುಹೆಯಲ್ಲಿ ನಡೆಯುವಾಗ ಸುಮಾರು 20 ಸೆಕೆಂಡಿಗೊಮ್ಮೆ ಶತ್ರು ಎದುರಾಗುತ್ತಾನೆ ಎಂದುಕೊಳ್ಳಿ. ಪ್ರತಿ ಕಾಳಗದ ನಂತರ ಗುಹೆಯ ಟ್ಯೂನ್ ಮೊದಲಿನಿಂದ ಶುರುವಾದರೆ, ಮೊದಲ 20 ಸೆಕೆಂಡ್ ನೂರು ಸಲ, 21ನೆಯ ಸೆಕೆಂಡ್ ಒಂದು ಸಲವೂ ಇಲ್ಲ. ಇದಕ್ಕೆ ಎರಡು ದಾರಿ. ಒಂದು, ನಿಲ್ಲಿಸಿದಲ್ಲಿಂದಲೇ ಮುಂದುವರಿಸುವುದು. ಆರ್‌ಪಿಜಿ ಮೇಕರ್‌ನ ಇತ್ತೀಚಿನ ಆವೃತ್ತಿಗಳು ತಾವಾಗಿ ಹೀಗೆ ಮಾಡುತ್ತವೆ. ನೀವೇ ಬರೆದ ಎಂಜಿನ್ ಆದರೆ ಸಂಗೀತದ ಸ್ಥಾನವನ್ನು ಕಾಳಗಕ್ಕೆ ಮೊದಲು ಉಳಿಸಿಟ್ಟುಕೊಂಡು, ಮರಳಿದಾಗ ಅರ್ಧ ಸೆಕೆಂಡಿನಷ್ಟು ಫೇಡ್ ಕೊಟ್ಟು ಬಿಡಿ. ಎರಡನೆಯದು, ಎತ್ತುಗಡೆಯನ್ನೇ ಅಷ್ಟು ಗಟ್ಟಿ ಮಾಡುವುದು. ಗುಹೆಗೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಕಾಳಗದ ಟ್ಯೂನಿಗೆ ಮಾತ್ರ ಎರಡನೆಯದೇ ಗತಿ, ಏಕೆಂದರೆ ಅದು ಯಾವಾಗಲೂ ಮೊದಲಿನಿಂದಲೇ ಶುರುವಾಗಬೇಕು. ಅದರ ಮೊದಲ ಎರಡು ಸೆಕೆಂಡ್ ಪರದೆ ಬದಲಾಗುವ ಹೊತ್ತಿನದು: ಒಂದು ಏರು ಓಟ, ಒಂದು ಬೇಸ್ ಹೊಡೆತ, ಎಚ್ಚರಿಕೆಯ ಗಂಟೆಯ ಕೆಲಸ. ಮುಖ್ಯ ಟ್ಯೂನ್ ಐದನೆಯ ಸೆಕೆಂಡಿನೊಳಗೆ ಬಂದುಬಿಡಬೇಕು. ಸಾದಾ ಕಾಳಗ ಅರ್ಧ ನಿಮಿಷದಲ್ಲಿ ಮುಗಿಯುವುದಾದರೆ, ನೀವು ಒಂದು ನಿಮಿಷದ ಪೀಠಿಕೆಯ ನಂತರ ತಂದ ಆ ಸೊಗಸಾದ ತಿರುವು ಯಾರ ಕಿವಿಗೂ ಬಿದ್ದಿಲ್ಲ.

ಪಾತ್ರಗಳ ಟ್ಯೂನ್ ಬಗ್ಗೆ ಎರಡು ಮಾತು. ಫೈನಲ್ ಫ್ಯಾಂಟಸಿ 6ರಲ್ಲಿ ಆಡಲು ಸಿಗುವ ಪಾತ್ರಗಳು 14, ಹೆಚ್ಚುಕಡಿಮೆ ಎಲ್ಲರಿಗೂ ತಮ್ಮದೇ ಟ್ಯೂನ್ ಇದೆ. ಟೆರ್ರಾಳ ಟ್ಯೂನೇ ಮೊದಲರ್ಧದಲ್ಲಿ ವರ್ಲ್ಡ್ ಮ್ಯಾಪಿನ ಟ್ಯೂನ್. ಸೆಲಿಸ್‌ಳ ಟ್ಯೂನೇ ಒಪೆರಾದಲ್ಲಿ ಹಾಡಾಗುತ್ತದೆ, ಅದರ ಸಾಲುಗಳನ್ನು ಆಡುವವನೇ ನೆನಪಿಟ್ಟು ಸರಿಯಾಗಿ ಆರಿಸಬೇಕು. ಲೋಕ ನಾಶವಾದ ಮೇಲೆ ಮ್ಯಾಪಿನಲ್ಲಿ ಟೆರ್ರಾಳ ಟ್ಯೂನ್ ಇಲ್ಲ, ಮಂಕು ಕವಿದ ಬೇರೊಂದು. ಹೊಸ ಹಡಗು ಸಿಕ್ಕಿ ಗೆಳೆಯರನ್ನು ಹುಡುಕಲು ಹೊರಟಾಗ ಮತ್ತೊಂದು. ಮ್ಯಾಪಿಗೆ ಮೂರು ಟ್ಯೂನ್, ಅಷ್ಟರಲ್ಲೇ ಇಡೀ ಕಥೆಯ ಏರಿಳಿತ. ಆದರೆ ಅದು ಹತ್ತಾರು ಗಂಟೆಗಳ ಆಟ. ಮೂರು ಗಂಟೆಯಲ್ಲಿ ಮೂರು ಪಾತ್ರಗಳ ಟ್ಯೂನ್ ಕಿವಿಯಲ್ಲಿ ಕೂತರೆ ದೊಡ್ಡದು. ಒಂದೊಂದನ್ನು ಐದರಿಂದ ಏಳು ಸ್ವರಗಳಲ್ಲಿ ಬರೆಯಿರಿ. ಅದರ ಲಯವನ್ನು ಮಾತ್ರ ಮೇಜಿನ ಮೇಲೆ ತಟ್ಟಿ ತೋರಿಸಿ. ನಿಮ್ಮ ಗೆಳತಿ ಯಾವ ಪಾತ್ರದ್ದೆಂದು ಹೇಳಿದರೆ ಟ್ಯೂನ್ ಗೆದ್ದಂತೆ. ಆಮೇಲೆ ವೇಗ ಅರ್ಧ ಮಾಡಬಹುದು, ಅಂತರ ಗಾಂಧಾರವನ್ನು ಸಾಧಾರಣ ಗಾಂಧಾರಕ್ಕೆ ಇಳಿಸಿ ದುಃಖಕ್ಕೆ ತಿರುಗಿಸಬಹುದು, ಕೊಳಲಿನದನ್ನು ಬೇಸ್‌ಗೆ ಕೊಡಬಹುದು. ಲಯ ಹಾಗೆಯೇ ಉಳಿದಿದ್ದರೆ ಗುರುತು ಕೆಡುವುದಿಲ್ಲ.

ಸಂಗೀತವನ್ನೇ ಆಟದ ಕೀಲಿಕೈ ಮಾಡಿದವರೂ ಇದ್ದಾರೆ. 1989ರ ಮದರ್ ಆಟದಲ್ಲಿ ಲೋಕದ ತುಂಬ ಚದುರಿಹೋದ ಎಂಟು ರಾಗದ ತುಣುಕುಗಳನ್ನು ಕೂಡಿಸಿ, ಕೊನೆಯ ಶತ್ರುವಿನ ಎದುರು ಹಾಡಿಯೇ ಗೆಲ್ಲಬೇಕು. ಅಮೆರಿಕದ ಅಲ್ಟಿಮಾ 5ರಲ್ಲಿ (1988) ಅರಮನೆಯ ಹಾರ್ಪ್ಸಿಕಾರ್ಡ್ ಮೇಲೆ ಗೊತ್ತಾದ ಟ್ಯೂನ್ ನುಡಿಸಿದರೆ ಗುಪ್ತ ಜಾಗ ತೆರೆಯುತ್ತದೆ. 2006ರ ಮದರ್ 3ರಲ್ಲಿ ಕಾಳಗದ ಸಂಗೀತದ ಬೀಟಿಗೆ ಸರಿಯಾಗಿ ಬಟನ್ ಒತ್ತಿದರೆ 16 ಏಟುಗಳವರೆಗೆ ಸರಣಿ ಸಿಗುತ್ತದೆ. ಮೊದಲ ಎರಡು ಬಗೆಯವನ್ನು ಧೈರ್ಯವಾಗಿ ಮಾಡಿ. ಮೂರನೆಯದಕ್ಕೆ ಕೈ ಹಾಕುವುದಾದರೆ ಅದು ಲಾಭವಾಗಿರಲಿ, ಕಡ್ಡಾಯವಾಗಬಾರದು. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡವರಿಗೆ ಸದ್ದು ತಡವಾಗಿ ತಲುಪುತ್ತದೆ, ಅವರು ಬೀಟ್ ಹಿಡಿದರೂ ಆಟ ತಪ್ಪು ಎನ್ನುತ್ತದೆ.

ಪಶ್ಚಿಮದ ಆಟಗಳು ಬೇರೆ ಹಾದಿ ಹಿಡಿದವು. ಫಾಲ್ಔಟ್‌ಗೆ (1997) ಮಾರ್ಕ್ ಮಾರ್ಗನ್ ಮಾಡಿದ್ದು ಗುನುಗುವ ಟ್ಯೂನಲ್ಲ, ಪಾಳು ಜಾಗದ ಗಾಳಿಯಂಥ ವಾತಾವರಣ. ಪುಟಗಟ್ಟಲೆ ಮಾತು ಓದಬೇಕಾದ ಆಟಕ್ಕೆ ಅದು ಹೊಂದುತ್ತದೆ, ಗಟ್ಟಿ ಟ್ಯೂನ್ ಓದಿಗೆ ಅಡ್ಡ ಬರುತ್ತದೆ. ಡಯಾಬ್ಲೋದಲ್ಲಿ (1996) ಮ್ಯಾಟ್ ಉಲ್ಮನ್ ಊರಿಗೆ ಕೊಟ್ಟ ಗಿಟಾರ್ ನೆನಪಿನಲ್ಲಿ ಉಳಿದದ್ದಕ್ಕೆ ಒಂದು ಕಾರಣ, ನೆಲಮಾಳಿಗೆಯಿಂದ ಮೇಲೆ ಬಂದಾಗಲೆಲ್ಲ ಆ ಒಂದೇ ಊರು ಎದುರಾಗುತ್ತಿತ್ತು. ನಿಮ್ಮ ಆಟದಲ್ಲಿ ಮಾತು ಹೆಚ್ಚಿರುವ ದೃಶ್ಯಗಳಿದ್ದರೆ ಅಲ್ಲಿ ಟ್ಯೂನ್ ಇಳಿಸಿ ವಾತಾವರಣ ಉಳಿಸಿ, ಅಥವಾ ಪೂರ್ತಿ ಮೌನ ಬಿಡಿ.

ಈಗ 26ಕ್ಕೆ ಬರೋಣ. ಮೇಲಿನ ಪರೀಕ್ಷೆಯಲ್ಲಿ ನಿಂತವುಗಳಲ್ಲಿ ಎಂಟೋ ಹತ್ತೋ ಆರಿಸಿಕೊಳ್ಳಿ: ಶೀರ್ಷಿಕೆ, ಊರು, ಬಯಲು, ಗುಹೆ, ಕಾಳಗ, ಬಾಸ್, ದುಃಖದ ದೃಶ್ಯ, ಮುಕ್ತಾಯ. ಜಾಗ ಉಳಿದರೆ ನಿಮಗೆ ಪ್ರಿಯವಾದ ಪಾತ್ರಕ್ಕೊಂದು. ಮಿಕ್ಕವುಗಳಿಂದ ಗೆಲುವು, ಲೆವೆಲ್, ನಿದ್ರೆ, ವಸ್ತು ಸಿಕ್ಕದ್ದು ಇವುಗಳಿಗೆ ಎರಡರಿಂದ ಐದು ಸೆಕೆಂಡಿನ ತುಣುಕು ಕತ್ತರಿಸಿಕೊಳ್ಳಬಹುದು. ವಸ್ತು ಸಿಕ್ಕಾಗಿನ ತುಣುಕು ಮೂರು ಸೆಕೆಂಡ್ ಮೀರಬಾರದು, ಅದು ಮುಗಿಯುವವರೆಗೆ ಆಡುವವನನ್ನು ಹಿಡಿದು ನಿಲ್ಲಿಸುತ್ತೀರಿ. ಸಂಗೀತ ಪೂರ್ತಿ ನಿಲ್ಲುವ ಜಾಗವನ್ನು ಇಡೀ ಆಟದಲ್ಲಿ ಒಂದೋ ಎರಡೋ ಕಡೆ ಇಡಿ.

ಸದ್ದುಗಳ ಕಡೆಗೂ ಕಿವಿ ಕೊಡಿ. ಮೆನುವಿನಲ್ಲಿ ಕರ್ಸರ್ ಸರಿಸುವ ಟಿಕ್ ಇಡೀ ಆಟದಲ್ಲಿ ಅತಿ ಹೆಚ್ಚು ಸಲ ಕೇಳುವ ಸದ್ದು. ಅದಕ್ಕೆ ಸ್ಪಷ್ಟ ಸ್ವರವಿದ್ದರೆ ಊರಿನ ಟ್ಯೂನಿಗೆ ಹೊಂದಿದ್ದು ಗುಹೆಯ ಟ್ಯೂನಿಗೆ ಅಪಸ್ವರವಾಗುತ್ತದೆ. ಸ್ವರವೇ ಗುರುತಾಗದಷ್ಟು ಚಿಕ್ಕದಾಗಿಸಿ. ಆಮೇಲೆ ಆಡಿ ನೋಡುವವರ ಕೈಗೆ ಕೊಡುವಾಗ, ಸಂಗೀತದ ಸದ್ದು ಇಳಿಸಿದ ಕ್ಷಣವನ್ನು ಆಟವೇ ಬರೆದಿಟ್ಟುಕೊಳ್ಳುವಂತೆ ಮಾಡಿ: ಯಾವ ಟ್ರ್ಯಾಕ್, ಎಷ್ಟನೆಯ ಸುತ್ತು, ಟ್ರ್ಯಾಕಿನ ಎಷ್ಟನೆಯ ಸೆಕೆಂಡ್. ಕಾಳಗದ ಮೊದಲ ಸೆಕೆಂಡುಗಳಲ್ಲೇ ಇಳಿಸಿದ್ದರೆ ಎತ್ತುಗಡೆ ತೀರಾ ಜೋರಾಗಿದೆ ಅಥವಾ ಕಾಳಗಗಳೇ ಅತಿಯಾಗಿವೆ. ಊರಿನಲ್ಲಿ ಎರಡನೆಯ ಸುತ್ತು ಶುರುವಾಗುವ ಹೊತ್ತಿಗೆ ಇಳಿಸಿದ್ದರೆ ಹೊಲಿಗೆ ನೋಡಿ. ಮಾತಿನ ದೃಶ್ಯದ ನಡುವೆ ಇಳಿಸಿದ್ದರೆ ಅವರಿಗೆ ಓದಲು ಆಗುತ್ತಿಲ್ಲ, ಅಲ್ಲಿಂದ ಟ್ಯೂನ್ ತೆಗೆಯಿರಿ.